ವಿಜ್ಞಾನ ವಿಷಯ: ತಿನ್ನದ ಭಕ್ಷಕ

ಹುಮನಾಬಾದಿನ ವಾಚಕರೊಬ್ಬರು ಈ ಅಂಕಣಕ್ಕೆ ಬರೆದ ಪತ್ರದಲ್ಲಿ ಸೊಗಸಾದ ಪ್ರಶ್ನೆಯೊಂದನ್ನು ಎತ್ತಿರುವರು. ಅವರ ಮನೆಯ ದೇವರ ಗೂಡಿನಲ್ಲಿ, ಹಿರಿಯರು ಕಾಶಿಯಿಂದ ತಂದ ಗಂಗೆಯ ಗಿಂಡಿಯು ಹಾಕಿದ ಬೆಸುಗೆ ಹಾಗೆಯೇ ಇರುವುದಂತೆ. ಆ ನೀರು ಕೆಡದೆಂಬುದು ಹಿರಿಯರ ನಂಬುಗೆ. ರೋಗಾಣುಗಳನ್ನು ತಿನ್ನುವ ವೈರಸ್‌ಗಳು ಅದರಲ್ಲಿರುವುದೇ ಕಾರಣವೆಂಬುದು ಕಾಲೇಜಿಗೆ ಹೋಗುವ ಮಗನ ವಾದ. ರೋಗಾಣುವೇ ಕಣ್ಣಿಗೆ ಕಾಣದಷ್ಟು ಸಣ್ಣದಾಗಿರಲು ಅದಕ್ಕಿಂತಲೂ ಸಣ್ಣದೊಂದು ಅದನ್ನು ತಿನ್ನುವ ಬಗೆ ಹೇಗೆ, ಅದಕ್ಕೆ ಬಾಯಿಯಾದರೂ ಎಲ್ಲಿ ಎಂದು ಅವರು ಕೇಳಿದ್ದಾರೆ.

ಗಂಗೆಯ ವಿಷಯವನ್ನು ಮೊದಲು ಮುಗಿಸೋಣ. 1896ರಲ್ಲಿ ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ ಎಂಬ ವಿಜ್ಞಾನಿಯು, ಗಂಗಾ ಯಮುನೆಗಳ ನೀರಿನಲ್ಲಿ ಕಾಲರಾ ರೋಗಾಣುಗಳು ಬೇಗನೆ ಸಾಯುವುವೆಂದೂ ನೀರನ್ನು ಕುದಿಸಿದರೆ ಆ ಗುಣವು ಹೋಗುವುದೆಂದೂ ಪ್ರಕಟಿಸಿದನು. ಅದನ್ನು ವೈರಸ್ಸಿನ ಕೆಲಸವೆಂದು ಊಹಿಸಿದವರು ಅನಂತರದವರು. ಆ ಊಹೆ ನಿಜವೆಂದೇ ಇಟ್ಟುಕೊಂಡರೂ ಗಿಂಡಿಯ ನೀರು ಕುಡಿಯಲು ನಿರಪಾಯವೆಂದಾಗುವುದಿಲ್ಲ. ಇಂತಹ ಒಂದೊಂದು ವೈರಸ್ಸೂ ಒಂದೊಂದು ಜಾತಿಯ ಬ್ಯಾಕ್ಟೀರಿಯವನ್ನೇ, ಅನೇಕ ವೇಳೆ ಆ ಜಾತಿಯ ಒಂದು ಒಳಪಂಗಡವನ್ನು ಮಾತ್ರವೇ, ಹುಡುಕಿಕೊಂಡು ಹೋಗುತ್ತದೆ. ಮಿಕ್ಕವುಗಳ ಗೊಡವೆ ಅದಕ್ಕಿಲ್ಲ.

ಇನ್ನು ಬಾಯಿಯ ಮಾತು. 1917ರಲ್ಲಿ ಪ್ಯಾರಿಸಿನ ಪಾಸ್ತರ್ ಸಂಸ್ಥೆಯಲ್ಲಿದ್ದ ಫೆಲಿಕ್ಸ್ ದೆರೆಲ್ ಈ ವೈರಸ್ಸಿಗೆ ಬ್ಯಾಕ್ಟೀರಿಯೋಫೇಜ್, ಅಂದರೆ ಬ್ಯಾಕ್ಟೀರಿಯ ಭಕ್ಷಕ, ಎಂದು ಹೆಸರಿಟ್ಟನು. ಹೆಸರು ನಿಂತುಹೋಯಿತು, ಆದರೆ ಇದು ಏನನ್ನೂ ತಿನ್ನುವುದಿಲ್ಲ. ತನ್ನಲ್ಲಿರುವುದನ್ನು ಒಳಗೆ ಸುರಿದು ತಾನು ಬರಿದಾಗುವ ಈ ವಸ್ತುವಿಗೆ ಭಕ್ಷಕನೆಂಬ ಹೆಸರು ಎಷ್ಟು ಮಾತ್ರವೂ ಒಪ್ಪುವುದಿಲ್ಲವೆಂದು ನನಗನ್ನಿಸುತ್ತದೆ.

ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯವನ್ನು ಹಿಡಿಯುವ ಟಿ4 ಎಂಬ ಫೇಜನ್ನು ನೋಡಿರಿ. ಅದಕ್ಕೆ ಪ್ರೋಟೀನಿನಿಂದಾದ ಒಂದು ತಲೆ, ಒಂದು ಬಾಲ, ಜೇಡನ ಕಾಲುಗಳಂತಹ ಆರು ಎಳೆಗಳು. ತಲೆಯೊಳಗೆ ಡಿ.ಎನ್.ಎ. ಎಂಬ ನೂಲು ಸುತ್ತಿಕೊಂಡಿರುವುದು. ಮುಂದಿನ ಸಂತತಿಯನ್ನು ಕಟ್ಟುವ ಕಟ್ಟಳೆಗಳೆಲ್ಲ ಬರೆದಿರುವ ಓಲೆಯೇ ಅದು. ತಲೆಯ ಉದ್ದ ಒಂದು ಮೊಳವೆಂದು ಭಾವಿಸಿದರೆ ಒಳಗಿನ ನೂಲು ಸುಮಾರು 500 ಮೊಳವಾಗುತ್ತದೆ! ಎಳೆಗಳು ಬ್ಯಾಕ್ಟೀರಿಯದ ಮೈಯನ್ನು ತಡವಿ ತನಗೆ ತಕ್ಕ ಗುರುತನ್ನು ಕಂಡವೆಂದರೆ ಬಾಲದ ಬುಡವು ಅಲ್ಲಿ ನೆಲೆಗೊಳ್ಳುವುದು. ಬಾಲದ ಹೊರಕವಚವು ಕುಗ್ಗಿ ಅರ್ಧಕ್ಕಿಂತಲೂ ಚಿಕ್ಕದಾಗುವುದು. ಒಳಗಿನ ಗಟ್ಟಿ ಕೊಳವೆಯು ದಬ್ಬಳದಂತೆ ಹೊರಪೊರೆಯನ್ನು ಚುಚ್ಚುವುದು. ಅದರ ಮೊನೆಯಲ್ಲಿರುವ ಒಂದು ಕಿಣ್ವವು ಗೋಡೆಯನ್ನು ಅಷ್ಟರಮಟ್ಟಿಗೆ ಕರಗಿಸಿ ದಾರಿ ಮಾಡಿಕೊಡುವುದು. ನೂಲು ಆ ದಾರಿಯಲ್ಲಿ ಇಳಿಯುತ್ತದೆ; ತಲೆಬಾಲಗಳು ಬಾಗಿಲಲ್ಲಿ ಬಿಟ್ಟ ಜೋಡಿನಂತೆ ಹೊರಗೇ ಉಳಿಯುತ್ತವೆ.

ನೂಲನ್ನು ಒಳಕ್ಕೆ ನೂಕುವವರಾರು? ನಮ್ಮ ಹೆಂಗಳೆಯರು ಶಾವಿಗೆಯ ಒರಳಿನಲ್ಲಿ ಹಿಟ್ಟನ್ನು ಒತ್ತುವಾಗ ಕೈಯ ಬಲವು ಬೇಕು. ಇಲ್ಲಿ ಕೈಯಿಲ್ಲ; ಹಿಟ್ಟೇ ತನ್ನನ್ನು ತಾನು ಒತ್ತಿಕೊಳ್ಳುವುದು. ತಲೆಯನ್ನು ಕಟ್ಟುವಾಗಲೇ ನೂಲನ್ನು ಬಲವಂತವಾಗಿ ತುರುಕಿರುವುದರಿಂದ, ಲ್ಯಾಂಬ್ಡಾ ಎಂಬ ಫೇಜಿನಲ್ಲಿ, ಮೋಟಾರು ಕಾರಿನ ಚಕ್ರದ ಗಾಳಿಯ ಹತ್ತು ಪಾಲಿನಷ್ಟು ಒತ್ತಡವಿರುವುದು. ಈ ಲ್ಯಾಂಬ್ಡಾ ಹಿಡಿಯುವ ಬಾಗಿಲಾದರೂ ಯಾವುದು? ಬ್ಯಾಕ್ಟೀರಿಯವು ಮಾಲ್ಟೋಸ್ ಎಂಬ ಸಕ್ಕರೆಯನ್ನು ಒಳಗೆ ತರಿಸಿಕೊಳ್ಳಲೆಂದು ತೆರೆದಿಟ್ಟುಕೊಂಡ ಕಿಂಡಿಯೇ! ಆದರೆ ಎಲ್ಲ ಫೇಜ್‌ಗಳಿಗೂ ಒತ್ತಡವೊಂದೇ ಸಾಲದು. ಟಿ7 ಎಂಬುದು ನೂಲಿನ ತುದಿಯಷ್ಟನ್ನು ಮಾತ್ರ ಒಳಗೆ ನುಗ್ಗಿಸುತ್ತದೆ. ಬ್ಯಾಕ್ಟೀರಿಯದ ಮನೆಯಲ್ಲಿ ಓಲೆಗಳನ್ನು ಓದಿ ನಕಲು ತೆಗೆಯುವ ಕಿಣ್ವವೊಂದುಂಟು. ಅದು ಇದನ್ನೂ ತನ್ನ ಯಜಮಾನನ ಓಲೆಯೆಂದೇ ಹಿಡಿದು ಓದತೊಡಗುವುದು. ಓದಿದಂತೆಲ್ಲ ನೂಲು ಒಳಕ್ಕೆ ಎಳೆಯಲ್ಪಡುವುದು. ಮನೆಯ ಆಳೇ ಕಳ್ಳನ ಗಂಟನ್ನು ಹೊತ್ತು ತಂದಂತಾಯಿತು.

ಹೊರಗುಳಿದುದು ಕವಚ, ಒಳಗೆ ಹೋದುದು ಡಿ.ಎನ್.ಎ. ಎಂಬುದನ್ನು 1952ರಲ್ಲಿ ಅಮೆರಿಕೆಯ ಆಲ್‌ಫ್ರೆಡ್ ಹರ್ಷಿ, ಮಾರ್ತಾ ಚೇಸ್ ಎಂಬವರು ತೋರಿಸಿದರು. ಅವರು ಕವಚದ ಗಂಧಕಕ್ಕೂ ನೂಲಿನ ರಂಜಕಕ್ಕೂ ಬೇರೆ ಬೇರೆ ವಿಕಿರಣದ ಗುರುತು ಹಚ್ಚಿದರು; ಫೇಜ್‌ಗಳು ಬ್ಯಾಕ್ಟೀರಿಯಕ್ಕೆ ಅಂಟಿದ ಮೇಲೆ ಅಡಿಗೆಮನೆಯ ಮಿಕ್ಸಿಯಂತಹ ಯಂತ್ರದಲ್ಲಿ ಕಡೆದು ಕವಚಗಳನ್ನು ಕೊಡಹಿದರು. ಗಂಧಕದ ಹೆಚ್ಚಿನ ಪಾಲು ಹೊರಗೆ ಬಂದಿತು, ರಂಜಕದ ಹೆಚ್ಚಿನ ಪಾಲು ಒಳಗೇ ಉಳಿಯಿತು. 1969ರಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡವರಲ್ಲಿ ಹರ್ಷಿಯ ಹೆಸರಿತ್ತು. ಚೇಸ್ ಎಂಬಾಕೆಯ ಹೆಸರು ಇರಲಿಲ್ಲ.

ಒಳಹೊಕ್ಕ ಓಲೆಯು ಟಿ4ರದಾದರೆ ಅರ್ಧ ಗಂಟೆಯೊಳಗೆ ನೂರರಷ್ಟು ಹೊಸ ಫೇಜ್‌ಗಳು ಹುಟ್ಟಿ, ಬ್ಯಾಕ್ಟೀರಿಯವು ಒಡೆದು ಸಾಯುವುದು. ಕೆಲವು ಫೇಜ್‌ಗಳು ಹೀಗೆ ಮಾಡದೆ ತಮ್ಮ ನೂಲನ್ನು ಬ್ಯಾಕ್ಟೀರಿಯದ ನೂಲಿನೊಳಗೆ ಹೊಲಿದುಬಿಟ್ಟು ಸುಮ್ಮನಿರುವುವು. ನಮಗೆ ಭಯಂಕರವಾದುದು ಈ ಸುಮ್ಮನಿರುವಿಕೆಯೇ. ಹಿಂದೆ ಜಾತ್ರೆಯಿಂದ ಜಾತ್ರೆಗೆ ಹಬ್ಬಿ ಊರೂರನ್ನೇ ಬರಿದುಮಾಡುತ್ತಿದ್ದ ವಾಂತಿಭೇದಿಯ ಕಥೆಯನ್ನು ನೋಡಿರಿ. ಅದಕ್ಕೆ ಕಾರಣವು ಒಂದು ವಿಷವೆಂದು 1959ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ ಅವರು ತೋರಿಸಿಕೊಟ್ಟರು. ಆ ವಿಷದ ಕಟ್ಟಳೆಯು ಕಾಲರಾ ರೋಗಾಣುವಿನ ಸ್ವಂತ ಸೊತ್ತಲ್ಲ, ಫೇಜೊಂದು ತಂದಿಟ್ಟ ಓಲೆ ಎಂದು 1996ರಲ್ಲಿ ವಾಲ್ಡರ್, ಮೆಕಲಾನೋಸ್ ಎಂಬವರು ಕಂಡರು. ತಲೆಯಿಲ್ಲದ, ದಾರದಂತಹ ಫೇಜ್ ಇದು, ಟಿ4ರಂತೆ ಚುಚ್ಚುವುದಿಲ್ಲ. ರೋಗಾಣುವು ನಮ್ಮ ಕರುಳಿನಲ್ಲಿ ನೆಲೆಯೂರಲು ಚಾಚುವ ಕೂದಲಿನಂತಹ ಎಳೆಗಳನ್ನೇ ಹಿಡಿದು ಒಳಸೇರುತ್ತದೆ. ಇದು ಹೊಕ್ಕರೆ, ಆ ವಿಷವನ್ನೇ ಅರಿಯದಿದ್ದ ರೋಗಾಣುವೂ ಅದನ್ನು ತಯಾರಿಸತೊಡಗುವುದು. ಆದುದರಿಂದ ಫೇಜ್ ಎಂದರೆ ರೋಗದ ಶತ್ರುವೇ ಎಂದು ಪತ್ರಿಕೆಗಳಲ್ಲಿ ಬರೆಯುವವರ ಮಾತನ್ನು ವಾಚಕರು ಅರ್ಧ ಮಾತ್ರ ನಂಬತಕ್ಕದ್ದು.

ಓಲೆಯ ಅಪಾಯವಿಲ್ಲದೆ ದಬ್ಬಳದ ಉಪಯೋಗವಷ್ಟನ್ನೇ ಪಡೆಯಬಾರದೇಕೆ? ಇದು ನಮ್ಮ ಬೆಂಗಳೂರಿನಲ್ಲಿಯೇ ನಡೆದ ಕೆಲಸ. ಅಲ್ಲಿ 2000ದಲ್ಲಿ ಸ್ಥಾಪನೆಯಾದ ಗಂಗಾಜೆನ್ ಎಂಬ ಸಂಸ್ಥೆಯವರು (ಹೆಸರಿನಲ್ಲಿಯೇ ಗಂಗೆಯಿರುವುದನ್ನು ಹುಮನಾಬಾದಿನ ಮಹನೀಯರು ಗಮನಿಸಬೇಕು) ಫೇಜ್ ಕೆ ಎಂಬುದರ ಬಾಲವನ್ನು ಪರೀಕ್ಷಿಸಿದರು. ಗಾಯಗಳನ್ನು ಕೀವುಗಟ್ಟಿಸುವ ಸ್ಟೆಫಿಲೊಕಾಕಸ್ ಅದರ ಬೇಟೆ. ಬಾಲದಲ್ಲಿರುವ, ಗೋಡೆ ಕರಗಿಸುವ ಪ್ರೋಟೀನಿನ ಒಂದು ತುಂಡನ್ನು ಬೇರ್ಪಡಿಸಿ, ಸ್ಟೆಫಿಲೊಕಾಕಸ್ಸಿನ ಗೋಡೆಯನ್ನು ಬಿಗಿಯಾಗಿ ಹಿಡಿಯುವ ಮತ್ತೊಂದು ಪ್ರೋಟೀನಿನ ತುಂಡಿಗೆ ಅದನ್ನು ಬೆಸೆದು, ಪಿ128 ಎಂದು ಕರೆದು, 2011ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಫೇಜಿನ ಬಾಲವು ಕೊರೆಯುವುದು ಒಂದೇ ರಂಧ್ರವನ್ನು. ಇದಾದರೋ ಹೊರಗಿನಿಂದಲೇ ಗೋಡೆಯನ್ನು ಕರಗಿಸಿ ಒಡೆಯುವುದು. ಹೆಸರಾಂತ ಔಷಧಗಳಿಗೆ ಮಣಿಯದ ಸ್ಟೆಫಿಲೊಕಾಕಸ್‌ಗಳೂ ಪ್ರಯೋಗಶಾಲೆಯಲ್ಲಿ ಇದರಿಂದ ಸತ್ತವು. ಇದಕ್ಕೆ ತಲೆಯಿಲ್ಲ, ನೂಲಿಲ್ಲ; ಒಳಗೆ ಬಿಟ್ಟುಹೋಗಲು ಓಲೆಯೂ ಇಲ್ಲ.