ಕಪಾಟಿನೊಳಗಿನ ಉಗಿಬಂಡಿ

ಹೊಸಪೇಟೆಯ ಸಹೋದರಿಯೊಬ್ಬರು ಬರೆದ ಪತ್ರದ ಸಾರಾಂಶ ಹೀಗಿದೆ: "ನಮ್ಮ ಯಜಮಾನರಿಗೆ ಆಟಿಕೆ ರೈಲಿನ ಹುಚ್ಚು. ಸಂಡೂರಿನಲ್ಲೊಬ್ಬರು, ಕಂಪ್ಲಿಯಲ್ಲೊಬ್ಬರು ಅಂಥದ್ದೇ ಗೆಳೆಯರಿದ್ದಾರೆ. ಹೊಸದಾಗಿ ಬಿಡುಗಡೆಯಾದ ಉಗಿ ಎಂಜಿನ್ ಒಂದನ್ನು ಇಂಗ್ಲೆಂಡಿನಿಂದ ತರಿಸಿದ್ದಾರೆ. ಅದರ ಬೆಲೆಯಲ್ಲಿ ನಮ್ಮ ಮನೆಗೆ ಎರಡು ತಿಂಗಳ ದಿನಸಿ ಬರುತ್ತದೆ. ಇಶಾ ನಮಾಝ್ ಮುಗಿಸಿ ಬಂದರೆ ಫೋನಿನಲ್ಲಿ ಮೂವರದೂ ಅದೇ ಮಾತು. ಮನೆಯಲ್ಲಿ ಬೊಂಬೆ ಇಡುವುದೂ ತಪ್ಪು, ಇದು ದುಂದುವೆಚ್ಚ ಬೇರೆ ಎಂದು ಅತ್ತೆ ಸಿಡುಕುತ್ತಾರೆ. ಒಂಬತ್ತು ವರ್ಷದ ಮಗಳು ಮುಟ್ಟಲು ಹೋದರೆ, ಇದು ಹುಡುಗಿಯರ ಆಟವಲ್ಲ ಎಂದು ಯಜಮಾನರು ಕಪಾಟಿಗೆ ಬೀಗ ಹಾಕುತ್ತಾರೆ. ನಾನು ಯಾರ ಪರ ಮಾತನಾಡಲಿ?"

ಸಹೋದರಿಯರೇ, ತೀರ್ಪು ಕೊಡುವ ಮುನ್ನ ವಿಷಯ ಏನೆಂದು ತಿಳಿಯುವುದು ಒಳ್ಳೆಯದು. ಇದು ನಿನ್ನೆ ಮೊನ್ನೆಯ ಹವ್ಯಾಸವಲ್ಲ. ಜರ್ಮನಿಯ ಮಾರ್ಕ್ಲಿನ್ ಕಂಪೆನಿ 1891ರಲ್ಲೇ ಹಳಿ ಸಮೇತ ಆಟಿಕೆ ರೈಲನ್ನು ಮಾರುಕಟ್ಟೆಗೆ ತಂದಿತು. ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ತಮ್ಮ ರೈಲುಗಳನ್ನು ಹೊರತಂದರು. ನಮ್ಮ ನೆರೆಯ ಪುಣೆಯಲ್ಲಿ ಜೋಶಿಯವರ ಚಿಕ್ಕ ರೈಲುಗಳ ಸಂಗ್ರಹಾಲಯ 1998ರಲ್ಲಿ ತೆರೆಯಿತು. ಅಷ್ಟೇಕೆ, ಹಂಪಿಯ ಕಲ್ಲಿನ ರಥವನ್ನು ನೋಡಿ. ಮರದ ತೇರು ಹೇಗಿರುತ್ತದೆಯೋ ಹಾಗೆಯೇ ಗಾಲಿ, ಅಚ್ಚುಗಳನ್ನೆಲ್ಲ ಕಲ್ಲಿನಲ್ಲಿ ಕಡೆದು ನಿಲ್ಲಿಸಿದ್ದಾರೆ. ಚಲಿಸುವ ಬಂಡಿಯನ್ನು ಹಾಗೆಯೇ ಮಾಡಿ ನೋಡಬೇಕೆಂಬ ಆಸೆ ಮನುಷ್ಯನಿಗೆ ಹಳೆಯದು.

ಈ ಹವ್ಯಾಸಿಗಳು ಗಂಟೆಗಟ್ಟಲೆ ಏನು ಮಾತನಾಡುತ್ತಾರೆ? ಒಂದು ಉದಾಹರಣೆ ಕೊಡುತ್ತೇನೆ. ಇಂಗ್ಲೆಂಡಿನ 'ಫ್ಲೈಯಿಂಗ್ ಸ್ಕಾಟ್ಸ್‌ಮನ್' ಎಂಬ ಎಂಜಿನ್ 1923ರಲ್ಲಿ ತಯಾರಾಯಿತು. 1934ರಲ್ಲಿ ಗಂಟೆಗೆ 100 ಮೈಲಿ ವೇಗ ಮುಟ್ಟಿ ಹೆಸರಾಯಿತು. ಅದರ ಸಂಖ್ಯೆ ಮೊದಲು 1472, ಆಮೇಲೆ 4472, ಇನ್ನೂ ಮುಂದೆ 60103. 1959ರಲ್ಲಿ ಚಿಮಣಿ ಬದಲಾಯಿತು, 1961ರಲ್ಲಿ ಹೊಗೆಯನ್ನು ಪಕ್ಕಕ್ಕೆ ಸರಿಸುವ ತಗಡುಗಳು ಬಂದವು. ಹೊಸ ಮಾದರಿಯೊಂದು ಬಂತೆಂದರೆ, ಹಾಕಿದ ಸಂಖ್ಯೆಗೆ ಆ ಚಿಮಣಿ ಹೊಂದುತ್ತದೆಯೇ, ಹಸಿರು ಬಣ್ಣ ಸರಿಯಿದೆಯೇ ಎಂದು ಇವರು ಪರೀಕ್ಷಿಸುತ್ತಾರೆ. ಸೀರೆಯ ಅಂಚಿಗೂ ಸೆರಗಿಗೂ ಹೊಂದಿಕೆ ನೋಡುವ ನಮಗೆ ಇದು ಅರ್ಥವಾಗದ ಮಾತೇನಲ್ಲ.

ಉಗಿ ಎಂಜಿನ್ ಕೂಡ ನಮಗೆ ಅಪರಿಚಿತವಲ್ಲ. ಅಡುಗೆಮನೆಯ ಕುಕ್ಕರ್ ಅದರ ತಂಗಿ. ಕಲ್ಲಿದ್ದಲ ಬೆಂಕಿಯ ಬಿಸಿಗಾಳಿ ಕೊಳವೆಗಳ ಮೂಲಕ ಬಾಯ್ಲರಿನ ನೀರಿನ ನಡುವೆ ಹಾಯುತ್ತದೆ, ನೀರು ಉಗಿಯಾಗುತ್ತದೆ. ಕುಕ್ಕರಿನ ಹತ್ತು ಪಟ್ಟಿಗೂ ಹೆಚ್ಚಿನ ಒತ್ತಡದಲ್ಲಿ ಆ ಉಗಿ ಸಿಲಿಂಡರಿಗೆ ನುಗ್ಗಿ ಕೊಂತವನ್ನು ಹಿಂದೆ ಮುಂದೆ ತಳ್ಳುತ್ತದೆ, ಗಾಲಿ ತಿರುಗುತ್ತದೆ. ಕೆಲಸ ಮುಗಿದ ಉಗಿ ಚಿಮಣಿಯಿಂದ ಹೊರಬೀಳುವಾಗಿನ ಸದ್ದೇ 'ಚುಕು ಬುಕು'. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಗಾಲಿ ಒಂದು ಸುತ್ತು ಬಂದರೆ ಆ ಸದ್ದು ನಾಲ್ಕು ಸಲ. ಮೇಜಿನ ಮೇಲಿನ ಮಾದರಿಯಲ್ಲಿ ಸಾಮಾನ್ಯವಾಗಿ ಬೆಂಕಿಯೂ ಇಲ್ಲ, ಉಗಿಯೂ ಇಲ್ಲ. ಹಳಿಯಿಂದ ಬರುವ 12 ವೋಲ್ಟ್ ವಿದ್ಯುತ್ತಿನಲ್ಲಿ ಪುಟ್ಟ ಮೋಟಾರು ಓಡುತ್ತದೆ. ಹೊಗೆ ಬೇಕೆಂದರೆ ಒಂದೆರಡು ಹನಿ ಎಣ್ಣೆ ಕಾಯಿಸುವ ವ್ಯವಸ್ಥೆ ಇರುತ್ತದೆ.

ಇನ್ನು ಪತ್ರದ ಪ್ರಶ್ನೆಗೆ ಬರೋಣ.

ಅತ್ತೆಯವರ ಮೊದಲ ಆಕ್ಷೇಪ ಬೊಂಬೆಯದು. ಎಂಜಿನ್ ಜೀವವಿರುವ ವಸ್ತುವಲ್ಲ. ಚಿತ್ರ ಬರೆದು ಜೀವಿಸುತ್ತಿದ್ದವನೊಬ್ಬನಿಗೆ ಇಬ್ನು ಅಬ್ಬಾಸ್(ರ) ಅವರು, ಮಾಡಲೇಬೇಕೆಂದಿದ್ದರೆ ಮರಗಿಡಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಮಾಡು ಎಂದು ಸಲಹೆ ಕೊಟ್ಟ ವರದಿ ಸಹೀಹ್ ಬುಖಾರಿಯಲ್ಲಿದೆ. ಆದ್ದರಿಂದ ಈ ವಿಷಯದಲ್ಲಿ ಅತ್ತೆಯವರಿಗೆ ಸಮಾಧಾನ ಹೇಳಬಹುದು.

ಎರಡನೆಯ ಆಕ್ಷೇಪ ದುಂದುವೆಚ್ಚದ್ದು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇಂಗ್ಲೆಂಡ್ ಅಥವಾ ಜರ್ಮನಿಯ ಒಳ್ಳೆಯ ಎಂಜಿನ್ನಿಗೆ ಇಂದು 20ರಿಂದ 30 ಸಾವಿರ ರೂಪಾಯಿಯಾದರೂ ಆಗುತ್ತದೆ, ಆಮದು ಸುಂಕ ಬೇರೆ. ಖರ್ಚು ಮಾಡುವಾಗ ದುಂದನ್ನೂ ಮಾಡದೆ ಜಿಪುಣತನವನ್ನೂ ತೋರದೆ ನಡುದಾರಿಯಲ್ಲಿರುವವರನ್ನು ಪವಿತ್ರ ಕುರ್‌ಆನ್ 'ಅಲ್ ಫುರ್ಕಾನ್' ಅಧ್ಯಾಯದಲ್ಲಿ ಮೆಚ್ಚಿ ಹೇಳಿದೆ. 'ಬನೀ ಇಸ್ರಾಈಲ್' ಅಧ್ಯಾಯದಲ್ಲಿ ದುಂದು ಮಾಡಬೇಡಿ ಎನ್ನುವ ಮೊದಲು ಬಂಧುಗಳ, ಬಡವರ, ಪ್ರಯಾಣಿಕರ ಹಕ್ಕು ಕೊಡಿ ಎಂದಿದೆ. ಆ ಕ್ರಮವನ್ನು ಗಮನಿಸಿ. ಮನೆಯ ಸಾಲ ತೀರಿದೆಯೇ? ಮಗಳ ಶಾಲೆಯ ಫೀಸು ಕಟ್ಟಿದೆಯೇ? ಝಕಾತ್ ಕೊಟ್ಟಾಗಿದೆಯೇ? ಹೆಂಡತಿಗೆ ತಿಳಿಸಿ, ಒಪ್ಪಿಸಿ ಮಾಡಿದ ಖರ್ಚೇ? ಇಷ್ಟಕ್ಕೂ ಹೌದು ಎಂಬ ಉತ್ತರವಿದ್ದರೆ ದುಡಿದು ಬಂದವನ ಒಂದು ಸಂತೋಷಕ್ಕೆ ನಾವು ಅಡ್ಡ ಬರಬೇಕಿಲ್ಲ. ಒಂದಕ್ಕಾದರೂ ಇಲ್ಲ ಎಂದಾದರೆ ಮುಂದಿನ ಎಂಜಿನ್ ಕಾಯಲಿ. ಯಜಮಾನರೊಂದಿಗೆ ಜಗಳವಾಡದೆ, ತಿಂಗಳ ಲೆಕ್ಕದ ಪುಸ್ತಕ ಮುಂದಿಟ್ಟು ಈ ಮಾತನ್ನು ಆಡಬಹುದು.

ಮೂರನೆಯ ವಿಷಯವನ್ನು ಸಹೋದರಿ ಕೊನೆಯಲ್ಲಿ ಬರೆದಿದ್ದಾರೆ, ನನಗೆ ಅದೇ ದೊಡ್ಡದಾಗಿ ಕಾಣುತ್ತದೆ. ಅದು ಮಗಳ ಎದುರು ಬಿದ್ದ ಬೀಗ. ಹಝ್ರತ್ ಆಯಿಶಾ(ರ) ಅವರ ಬಳಿ ಆಟಿಕೆಗಳಿದ್ದವು. ಅವುಗಳ ನಡುವೆ ಬಟ್ಟೆಯ ಚೂರುಗಳ ರೆಕ್ಕೆಯಿದ್ದ ಒಂದು ಕುದುರೆಯನ್ನು ಕಂಡು ಪ್ರವಾದಿ(ಸ) ಇದೇನೆಂದು ವಿಚಾರಿಸಿದರು. ಕುದುರೆಗೆ ರೆಕ್ಕೆಯೇ ಎಂದು ಕೇಳಿದಾಗ, ಸುಲೈಮಾನ್(ಅ) ಅವರ ಕುದುರೆಗಳಿಗೆ ರೆಕ್ಕೆಗಳಿದ್ದುದನ್ನು ತಾವು ಕೇಳಿಲ್ಲವೇ ಎಂದು ಆಯಿಶಾ(ರ) ಉತ್ತರಿಸಿದರು. ಪ್ರವಾದಿ(ಸ) ಮನತುಂಬಿ ನಕ್ಕರು. ಅಬೂದಾವೂದ್‌ನಲ್ಲಿರುವ ಈ ವರದಿಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಕುದುರೆ ಅಂದಿನ ವಾಹನ. ಆ ಮನೆಯಲ್ಲಿ ಅದು ಹೆಣ್ಣುಮಗುವಿನ ಕೈಯಲ್ಲಿತ್ತು, ಅದರ ಬಗ್ಗೆ ಅವಳನ್ನೇ ಕೇಳಲಾಯಿತು, ಅವಳ ಉತ್ತರಕ್ಕೆ ಬೆಲೆಯಿತ್ತು. ಹಾಗಿರುವಾಗ ಗಾಲಿ, ಹಳಿ, ಮೋಟಾರು ಗಂಡುಮಕ್ಕಳ ಆಟವೆಂದು ನಮಗೆ ಯಾರು ಹೇಳಿಕೊಟ್ಟರು?

ದುಬಾರಿ ಎಂಜಿನ್ ಕೆಟ್ಟೀತು ಎಂಬ ಭಯವಿದ್ದರೆ ಅದಕ್ಕೂ ದಾರಿಯಿದೆ. ಅಪ್ಪ ಮಗಳು ಸೇರಿ ನಮ್ಮೂರಿನ ರೈಲನ್ನೇ ಮಾಡಲಿ. ಹಂಪಿಗೆ ಹೋಗುವವರು ಇಳಿಯುವ ಹೊಸಪೇಟೆಯ ನಿಲ್ದಾಣಕ್ಕೆ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಮೀಟರ್‌ಗೇಜ್ ಹಳಿ ಬಂತು. ಸ್ವಾತಂತ್ರ್ಯಾನಂತರ ದೇಶದ ಮೀಟರ್‌ಗೇಜ್ ಹಳಿಗಳ ಮೇಲೆ ಪ್ರಯಾಣಿಕರಿಗೆ ವೈಪಿ, ಸರಕಿಗೆ ವೈಜಿ ಎಂಬ ಉಗಿ ಎಂಜಿನ್‌ಗಳು ಓಡಿದವು. 1972ರಲ್ಲಿ ಚಿತ್ತರಂಜನ್ ಕಾರ್ಖಾನೆ ಉಗಿ ಎಂಜಿನ್ ತಯಾರಿಕೆ ನಿಲ್ಲಿಸಿತು. ಹೊಸಪೇಟೆ-ಗದಗ-ಹುಬ್ಬಳ್ಳಿ ಮಾರ್ಗ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ವಿದೇಶಿ ಕಂಪೆನಿಗಳ ಹೊಸ ಪಟ್ಟಿಗಳಲ್ಲಿ ಇಂಗ್ಲೆಂಡಿನ ಎಂಜಿನ್ ಮತ್ತೆ ಮತ್ತೆ ಬರುತ್ತದೆ, ನಮ್ಮ ಅಜ್ಜಿಯಂದಿರು ಕೂತುಬಂದ ಬಂಡಿ ಸಿಗುವುದು ಅಪರೂಪ.

ಅದಕ್ಕೆ ರಟ್ಟು, ಗೋಂದು, ಅಳತೆಪಟ್ಟಿ ಸಾಕು. 87ರಲ್ಲಿ ಒಂದು ಪಾಲು ಎಂಬ ಅಳತೆ ಹಿಡಿದರೆ ಒಂದು ಮೀಟರಿನ ಹಳಿ ಹನ್ನೊಂದೂವರೆ ಮಿಲಿಮೀಟರ್ ಆಗುತ್ತದೆ. ಹೊಸಪೇಟೆಯಿಂದ ಹಂಪಿಗಿರುವ ಸುಮಾರು 13 ಕಿಲೋಮೀಟರ್ ದಾರಿ 150 ಮೀಟರಿಗೆ ಇಳಿಯುತ್ತದೆ. ಮಗಳು ಭಾಗಾಕಾರವನ್ನು ಬೇಸರವಿಲ್ಲದೆ ಕಲಿಯುತ್ತಾಳೆ. ಸ್ವಾಮಿಹಳ್ಳಿ ಕಡೆಗೆ ಹೋಗುವ ಕವಲನ್ನು ಮಾಡುವುದಾದರೆ ಸಂಡೂರಿನ ಅದಿರಿನ ಗುಡ್ಡೆಯನ್ನೂ ಪಕ್ಕದಲ್ಲಿಡಲಿ. ಆ ಅದಿರನ್ನು ಆಯ್ದು ಬುಟ್ಟಿಯಲ್ಲಿ ಹೊತ್ತವರಲ್ಲಿ ಹೆಂಗಸರೂ ಇದ್ದರು. ಈ ಅಳತೆಯಲ್ಲಿ ಅವರು ಎರಡು ಸೆಂಟಿಮೀಟರ್ ಎತ್ತರವೂ ಬರುವುದಿಲ್ಲ. ಮನುಷ್ಯಾಕೃತಿಯ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಮನೆಯ ಹಿರಿಯರಿಗೆ ಸರಿಬಾರದಿದ್ದರೆ ಗುಡ್ಡೆಯ ಪಕ್ಕ ಒಂದು ಬುಟ್ಟಿ ಇಟ್ಟರೂ ಸಾಕು. ಅದು ಯಾರದೆಂದು ಮಗಳು ಕೇಳುತ್ತಾಳೆ, ಆಗ ಹೇಳಬಹುದು.

ಬಿಡುವಾದಾಗ 2020ರಲ್ಲಿ ತೆರೆದ ಹುಬ್ಬಳ್ಳಿಯ ರೈಲ್ವೆ ಸಂಗ್ರಹಾಲಯಕ್ಕೆ ಮನೆಮಂದಿಯೆಲ್ಲ ಹೋಗಿಬನ್ನಿ. ಅತ್ತೆಯವರನ್ನೂ ಕರೆದೊಯ್ಯಿರಿ. ಕಿಟಕಿಯಿಂದ ಹಾರಿಬಂದ ಕಲ್ಲಿದ್ದಲ ಕಿಡಿ ಕಣ್ಣಿಗೆ ಬಿದ್ದ ಕಾಲದವರಿರಬಹುದು ಅವರು. ಆ ಬಂಡಿಗಳ ಬಗ್ಗೆ ಮೂವರು ಗೆಳೆಯರು ಫೋನಿನಲ್ಲಿ ಹುಡುಕುವ ಎಷ್ಟೋ ವಿವರ ಮನೆಯ ಹಿರಿಯರ ನೆನಪಿನಲ್ಲೇ ಇರುತ್ತದೆ. ಕೇಳುವವರು ಬೇಕು, ಅಷ್ಟೆ.

ಸಹೋದರಿ, ಯಾರ ಪರ ಮಾತನಾಡಲಿ ಎಂದು ಕೇಳಿದ್ದೀರಿ. ಮಗಳ ಪರ ಮಾತನಾಡಿ. ಖರ್ಚಿಗೆ ಮಿತಿ ಹಾಕಿ, ಕಪಾಟಿನ ಬೀಗ ತೆಗೆಸಿ.