ಸರೋವರಕ್ಕೆ ಅಡುಗೆ ಸೋಡ!

ಪುಟಾಣಿಗಳೇ, ಈ ವಾರ ಒಂದು ಒಗಟಿನಿಂದ ಶುರು ಮಾಡುತ್ತೇನೆ. ಮರದಿಂದ ಎಲೆ ಉದುರಿತು. ಮೀನು ಅದನ್ನು ತಿನ್ನಲಿಲ್ಲ. ಆದರೂ ಎಲೆ ಮೀನಿನ ಮೈ ಸೇರಿತು. ಹೇಗೆ? ನಿಮ್ಮ ಅಜ್ಜ-ಅಜ್ಜಿಯರನ್ನೂ ಕೇಳಿ. ಅವರು ಯೋಚಿಸುತ್ತಿರಲಿ, ಅಷ್ಟರಲ್ಲಿ ನಾನು ಒಂದು ಕಥೆ ಹೇಳುತ್ತೇನೆ.

ಕೆರೆ, ಸರೋವರಗಳ ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕ ಪ್ರಾಣಿಗಳು ತೇಲುತ್ತಿರುತ್ತವೆ. ಇವಕ್ಕೆ ಪ್ರಾಣಿಪ್ಲವಕ ಎಂದು ಹೆಸರು. ಇವುಗಳಲ್ಲಿ ನನಗೆ ಅಚ್ಚುಮೆಚ್ಚು ನೀರುಚಿಗಟ, ಅಂದರೆ ಡ್ಯಾಫ್ನಿಯಾ. ಹೆಸರಿಗೆ ಚಿಗಟ, ಆದರೆ ಕಚ್ಚುವುದಿಲ್ಲ. ಸಾಸಿವೆ ಕಾಳಿನಷ್ಟಿರುವ ಇದು ನೀರಿನಲ್ಲಿ ಪುಟುಪುಟು ಜಿಗಿಯುತ್ತದೆ. ಕಾಲಿನ ಕೂದಲುಗಳಿಂದ ನೀರನ್ನು ಸೋಸಿ, ಸಿಕ್ಕಿದ್ದನ್ನು ನುಂಗುತ್ತದೆ. ಎಷ್ಟೋ ಮೀನುಮರಿಗಳಿಗೆ ಇಂಥ ಜೀವಿಗಳೇ ಮೊದಲ ತುತ್ತು.

ನೀರುಚಿಗಟ ಸೋಸಿದಾಗ ಅದಕ್ಕೆ ಸಿಗುವುದೇನು? 'ಪಾಚಿ' ಎನ್ನುತ್ತೀರಿ. ಸರಿ. ಆದರೆ ಅಷ್ಟೇ ಅಲ್ಲದಿರಬಹುದು ಎಂದು ಕೆಲವು ವಿಜ್ಞಾನಿಗಳಿಗೆ ಅನ್ನಿಸಿತು. ದಡದ ಮರಗಳಿಂದ ಅಷ್ಟೊಂದು ಎಲೆ ನೀರಿಗೆ ಬೀಳುತ್ತದಲ್ಲ, ಅದೆಲ್ಲ ಏನಾಗುತ್ತದೆ?

ಅಮೆರಿಕದ ಮಿಷಿಗನ್ ರಾಜ್ಯದ ಕಾಡಿನಲ್ಲಿ ಪೀಟರ್, ಪಾಲ್ ಎಂಬ ಎರಡು ಪುಟ್ಟ ಸರೋವರಗಳಿವೆ. ಮೊದಲು ಅವು ಒಂದೇ ಆಗಿದ್ದವು. ಪ್ರಯೋಗಕ್ಕೆಂದು 1951ರಲ್ಲಿ ನಡುವೆ ಮಣ್ಣಿನ ಏರಿ ಹಾಕಿ ಎರಡು ಮಾಡಿದರು. 2001ರಲ್ಲಿ ಮೈಕೆಲ್ ಪೇಸ್ ಮತ್ತು ಸಂಗಡಿಗರು ಅವುಗಳಿಗೆ ಹಾಕಿದ್ದೇನು ಗೊತ್ತೇ? ಅಡುಗೆ ಸೋಡ!

ಅದು ಅಂಗಡಿಯ ಸೋಡ ಅಲ್ಲ. ಸೋಡದಲ್ಲಿ ಇಂಗಾಲ ಇರುತ್ತದೆ. ಪ್ರಕೃತಿಯಲ್ಲಿ ನೂರು ಇಂಗಾಲದ ಪರಮಾಣುಗಳಲ್ಲಿ ಸುಮಾರು ಒಂದು ಮಾತ್ರ ಕೊಂಚ ಭಾರವಾಗಿರುತ್ತದೆ. ಅದರಿಂದ ಅಪಾಯವೇನೂ ಇಲ್ಲ. ಆ ಭಾರದ ಇಂಗಾಲದಿಂದಲೇ ಈ ಸೋಡ ತಯಾರಾಗಿತ್ತು. ನೀರಿನೊಳಗಿನ ಪಾಚಿ ಅದನ್ನು ಹೀರಿಕೊಂಡಿತು. ಹೋಳಿಯಲ್ಲಿ ಬಣ್ಣ ಹಚ್ಚಿಸಿಕೊಂಡವರ ಹಾಗೆ ಪಾಚಿಗೆ ಗುರುತು ಬಿತ್ತು. ದಡದ ಮರಗಳು ಇಂಗಾಲ ಪಡೆಯುವುದು ಗಾಳಿಯಿಂದ. ಅವುಗಳ ಎಲೆಗೆ ಗುರುತಿಲ್ಲ. ಇನ್ನು ಪ್ರಾಣಿಪ್ಲವಕಗಳ ಮೈಯಲ್ಲಿ ಗುರುತು ಎಷ್ಟಿದೆ ಎಂದು ಅಳೆದರಾಯಿತು!

ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಆ ಪುಟ್ಟ ಪ್ರಾಣಿಗಳ ಮೈಯ ಇಂಗಾಲದಲ್ಲಿ ಶೇ. 22ರಿಂದ 50ರಷ್ಟು ನೆಲದಿಂದ ಬಂದಿತ್ತು!

ಎಲೆ ಅಲ್ಲಿಗೆ ಹೋಗುವ ದಾರಿ ಹೀಗೆ. ನೆನೆದ ಎಲೆ ಚಹಾದ ಹಾಗೆ ರಸ ಬಿಡುತ್ತದೆ. ಆ ರಸವನ್ನು ಬ್ಯಾಕ್ಟೀರಿಯಾ ಉಣ್ಣುತ್ತವೆ. ಅವನ್ನು ಏಕಕೋಶ ಜೀವಿಗಳು ತಿನ್ನುತ್ತವೆ. ಎರಡನ್ನೂ ನೀರುಚಿಗಟ ಸೋಸಿ ನುಂಗುತ್ತದೆ. ಎಲೆಯ ಪುಡಿಯೂ ಅದರ ಹೊಟ್ಟೆ ಸೇರುತ್ತದೆ. ನೀರುಚಿಗಟವನ್ನು ಮೀನು ತಿನ್ನುತ್ತದೆ. ಒಗಟು ಬಿಡಿಸಿದಿರಾ?

ಆದರೆ ಎಲ್ಲರೂ ತಲೆದೂಗಲಿಲ್ಲ. 2009ರಲ್ಲಿ ಇನ್ನೊಂದು ತಂಡ, 'ಬರೀ ಎಲೆಯ ಊಟದಲ್ಲಿ ನೀರುಚಿಗಟ ಸರಿಯಾಗಿ ಬೆಳೆಯದು, ಅದನ್ನು ಪೊರೆಯುವುದು ಪಾಚಿಯೇ' ಎಂದು ವಾದಿಸಿತು. ಬೆಳವಣಿಗೆಗೆ ಬೇಕಾದ ಒಮೆಗಾ-3 ಕೊಬ್ಬು ಒಳ್ಳೆಯ ಪಾಚಿಯಲ್ಲಿದೆ, ಎಲೆಯಲ್ಲಿ ತೀರಾ ಕಡಿಮೆ. ನಮ್ಮ ಅಜ್ಜಿಯರ ಲೆಕ್ಕದಲ್ಲಿ ಹೇಳುವುದಾದರೆ ಎಲೆ ಗಂಜಿ, ಪಾಚಿ ಹಾಲು-ತುಪ್ಪ. ಗಂಜಿ ಹೊಟ್ಟೆ ತುಂಬಿಸುತ್ತದೆ. ಮಗು ಮೈ ತುಂಬಿಕೊಳ್ಳಲು ಹಾಲೂ ಬೇಕು.

ಹಾಗೆಂದು ಹಸಿರೆಲ್ಲ ಹಾಲಲ್ಲ. ಕೊಳಚೆ ನೀರು ಸೇರಿದ ಕೆರೆಯಲ್ಲಿ ಹೆಚ್ಚುವ ಕೆಲವು ನೀಲಿ-ಹಸಿರು ಪಾಚಿಗಳು ಗುಂಪುಗಟ್ಟಿ ಜರಡಿಗೆ ಸಿಕ್ಕಿಕೊಳ್ಳುತ್ತವೆ. ಕೆಲವದರಲ್ಲಿ ವಿಷವೂ ಇರುತ್ತದೆ. ಕಣ್ಣಿಗೆ ಹಸಿರು ಕಂಡರೂ ನೀರುಚಿಗಟಕ್ಕೆ ಉಪವಾಸ. ಅದಕ್ಕೇ ನಾನು ಹೇಳುವುದು: 'ಕಸ ಬೀಳುತ್ತದೆ' ಎಂದು ಕೆರೆ ಅಂಚಿನ ಮರ ಕಡಿಯುವ ಮೊದಲು, ಚರಂಡಿಯನ್ನು ಕೆರೆಗೆ ತಿರುಗಿಸುವ ಮೊದಲು, ಈ ಸಾಸಿವೆ ಕಾಳಿನಷ್ಟು ಜೀವಿಯ ಊಟದ ಬಗ್ಗೆ ದೊಡ್ಡವರು ಒಮ್ಮೆ ಯೋಚಿಸಬೇಕು.

ಈ ಭಾನುವಾರ ಅಜ್ಜನ ಜೊತೆ ಕೂತು ಒಂದು ಕೆಲಸ ಮಾಡಿ. ಗಾಜಿನ ಲೋಟದ ನೀರಿನಲ್ಲಿ ಬಾದಾಮಿ ಮರದ ಒಣ ಎಲೆಯ ಚೂರುಗಳನ್ನು ನೆನೆಯಿಡಿ. ಒಂದೆರಡು ದಿನದಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಕುಡಿಯಬೇಡಿ ಮತ್ತೆ! ಅದು ಬ್ಯಾಕ್ಟೀರಿಯಾಗಳ ಪಾಲಿನ ಕಷಾಯ.