ಮೋಟರ್‌ಹೋಮ್ ಅಂದ್ರೆ ನಮ್ಮ ಕಮಲಾಪುರದ ಕ್ರೂಸರ್ರೂ ಹೌದು ಸ್ವಾಮಿ!

ಬಹಳ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಇವತ್ತು ಬರೆಯದಿದ್ದರೆ ಹೊಟ್ಟೆಯೊಳಗಿನ ಸಿಟ್ಟು ಹುಳಿಯಾಗುತ್ತೆ ಅನ್ನಿಸಿ ಕೂತಿದ್ದೇನೆ.

ಮೊನ್ನೆ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಚಹಾ ಕುಡೀತಾ ನಿಂತಿದ್ದಾಗ ಗೆಳೆಯನೊಬ್ಬ ಮೊಬೈಲಿನಲ್ಲಿ ವಿಡಿಯೋ ತೋರಿಸಿದ. ಬೆಳ್ಳಗಿನ ಮೋಟರ್‌ಹೋಮ್, ಒಳಗೆ ಹಾಸಿಗೆ, ಪುಟ್ಟ ಅಡುಗೆಮನೆ. ಬಾಗಿಲು ತೆಗೆದರೆ ಎದುರಿಗೇ ಸಮುದ್ರ. ಗಂಡ ಹೆಂಡತಿ ಕಾಫಿ ಹಿಡ್ಕೊಂಡು ಸೂರ್ಯೋದಯ ನೋಡ್ತಾ ಇದ್ದಾರೆ! (ಪಶ್ಚಿಮ ಕರಾವಳಿಯಲ್ಲಿ ಸಮುದ್ರದ ಮೇಲೆ ಅದೆಂಥ ಸೂರ್ಯೋದಯವೋ, ಅವರನ್ನೇ ಕೇಳಬೇಕು.) "ಬೀಚ್ ಪಕ್ಕ ರಾತ್ರಿ ಪುಕ್ಕಟೆ ಗಾಡಿ ನಿಲ್ಲಿಸೋ ಗುಟ್ಟಿನ ಜಾಗಗಳು" ಅಂತ ಅದಕ್ಕೆ ಹೆಸರು. ಗೆಳೆಯ ನಕ್ಕ, "ನಮಗೂ ಸಮುದ್ರಕ್ಕೂ ಐನೂರು ಕಿಲೋಮೀಟರ್, ನಮಗ್ಯಾಕ ಇದು?"

ನನಗೆ ನಗು ಬರಲಿಲ್ಲ. ಯಾಕೆ ಅಂತ ಹೇಳ್ತೀನಿ.

ಕಮಲಾಪುರ ಅಂದಕೂಡಲೇ ಹಂಪಿ ಪಕ್ಕದ್ದು ಅಂದ್ಕೋಬೇಡಿ. ಇದು ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗೋ 50ನೇ ನಂಬರ್ ಹೆದ್ದಾರಿ ಮೇಲಿರೋ ನಮ್ಮ ಕಮಲಾಪುರ, ಕೆಂಪು ಬಾಳೆಹಣ್ಣಿನ ಊರು. ನಮ್ಮ ಅತ್ತೆಯ ಮನೆ ಅಲ್ಲಿದೆ. ಅರವತ್ತೆಂಟು ವರ್ಷದ ಅತ್ತೆ ಒಮ್ಮೆಯೂ ಸಮುದ್ರ ನೋಡಿರಲಿಲ್ಲ. ಹೋದ ಡಿಸೆಂಬರಿನಲ್ಲಿ ಹನ್ನೊಂದು ಮಂದಿ ಸೇರಿ ಊರಿನ ಹುಡುಗನೊಬ್ಬನ ಕ್ರೂಸರ್ ಬಾಡಿಗೆ ಹಿಡಿದೆವು. ಮೇಲೆ ಕ್ಯಾರಿಯರ್ ತುಂಬಾ ಚಾಪೆ, ಕೌದಿ, ನೀರಿನ ಕ್ಯಾನು. ಒಳಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗೋಕರ್ಣದ ಗಣಪತಿಗೆ ಅಂತ ಒಂದು ಚಿಪ್ಪು ಕೆಂಪು ಬಾಳೆಹಣ್ಣು. ನಿಮ್ಮ ಮೋಟರ್‌ಹೋಮಿನಲ್ಲಿ ಇನ್ನೇನಿರುತ್ತೆ ಹೇಳಿ? ಶೌಚಾಲಯ ಒಂದಿಲ್ಲ, ಅಷ್ಟೇ. ಅದರ ವಿಷಯಕ್ಕೆ ಆಮೇಲೆ ಬರ್ತೀನಿ.

ಬೆಳಗಿನ ನಾಲ್ಕಕ್ಕೆ ಬಿಟ್ಟೆವು. ಜೇವರ್ಗಿ, ಸಿಂದಗಿ, ವಿಜಯಪುರ. ಕೊಲ್ಹಾರದಲ್ಲಿ ಕೃಷ್ಣಾ ನದಿ ನೋಡಿ, ಗಡಿಗೆ ಮೊಸರು ತಗೊಂಡು ರೊಟ್ಟಿ ತಿಂದದ್ದು. ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟ ಇಳಿದು ಅಂಕೋಲೆ ಮುಟ್ಟೋ ಹೊತ್ತಿಗೆ ಸಂಜೆ. ಕರಾವಳಿಯ ಒಂದು ಬೀಚಿನಲ್ಲಿ (ಊರಿನ ಹೆಸರು ಬೇಡ, ಜಗಳ ಊರಿನ ಮೇಲಲ್ಲ) ಅತ್ತೆ ಸೀರೆ ಮೊಣಕಾಲಿಗೆತ್ತಿ ನೀರಿನಲ್ಲಿ ನಿಂತು ಒಂದು ಮಾತೂ ಆಡಲಿಲ್ಲ. ಆ ಹತ್ತು ನಿಮಿಷಕ್ಕಾಗಿಯೇ ಅಷ್ಟು ದೂರ ಹೋಗಿದ್ದು.

ಶನಿವಾರ, ರಜೆ ಸೀಸನ್ನು. ಕೇಳಿದ ರೂಮುಗಳೆಲ್ಲ ಭರ್ತಿ, ಒಂದೆರಡು ಕಡೆ ಖಾಲಿ ಇದ್ದದ್ದರ ರೇಟು ನಮ್ಮ ಕ್ರೂಸರಿನ ಬಾಡಿಗೆಗಿಂತ ಜಾಸ್ತಿ. ಸರಿ, ಬೀಚಿನ ಪಾರ್ಕಿಂಗ್ ಬಯಲಿನಲ್ಲಿ ಗಾಡಿ ನಿಲ್ಲಿಸಿ ಹೆಂಗಸರು ಒಳಗೆ, ಗಂಡಸರು ಕೆಳಗೆ ಚಾಪೆ ಹಾಸಿ ಮಲಗಿದೆವು. ಹಗಲಿನ ದುಡ್ಡು ಕೊಟ್ಟು ಚೀಟಿಯನ್ನೂ ತಗೊಂಡಿದ್ದೆವು. ರಾತ್ರಿ ಹನ್ನೆರಡೂವರೆಗೆ ಸೀಟಿ, ಟಾರ್ಚು. "ಇಲ್ಲಿ ನಿಲ್ಲಿಸುವ ಹಾಗಿಲ್ಲ, ಹೊರಡಿ." ಎಲ್ಲಿಗೆ? "ಅದು ನಮಗೆ ಗೊತ್ತಿಲ್ಲ." ನಮ್ಮ ಡ್ರೈವರ್ "ಸಾಹೇಬ್ರ, ನಸುಕಿನ್ಯಾಗ ಎದ್ದೀನ್ರಿ, ಎರಡು ತಾಸು ಮಕ್ಕೋತೀನಿ" ಅಂದ. ಆಗಲ್ಲ ಅಂದರೆ ಆಗಲ್ಲ. ನೂರು ಗಾಡಿ ಹಿಡಿಸೋ ಬಯಲಿನಲ್ಲಿ ಆಗ ಇದ್ದದ್ದು ನಮ್ಮದೂ ಸೇರಿ ಮೂರೋ ನಾಲ್ಕೋ ಗಾಡಿ!

66ನೇ ಹೆದ್ದಾರಿಗೆ ಬಂದೆವು. ಹದಿನೈದು ನಿಮಿಷ ಆಗಿರಬೇಕು. ಗಾಡಿ ನಿಧಾನಕ್ಕೆ ಬಲಕ್ಕೆ ವಾಲ್ತಾ ಇತ್ತು. ಎಲ್ಲರೂ ತೂಕಡಿಸ್ತಿದ್ದೆವು, ಡ್ರೈವರ್ ಕೂಡ. ಎಚ್ಚರ ಇದ್ದದ್ದು ಅತ್ತೆ ಒಬ್ಬಳೇ, ಅದೂ ಪಾಪ ಶೌಚಕ್ಕೆ ಹೋಗಬೇಕು ಅಂತ ಹೇಳಲಾರದೆ ಒದ್ದಾಡ್ತಾ ಕೂತಿದ್ದಕ್ಕೆ. ಅವಳು ಚೀರಿದಳು. ಡಿವೈಡರ್ ಗೇಣು ದೂರದಲ್ಲಿ ಹೋಯ್ತು.

ಮುಂದಿನ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಕೇಳಿದೆವು. ಅಲ್ಲಿದ್ದ ಹುಡುಗ ಒಂದು ಮಾತೂ ಎದುರಾಡದೆ ಮೂಲೆ ತೋರಿಸಿದ, ಶೌಚಾಲಯದ ಕೀಲಿ ಕೊಟ್ಟ. ಡ್ರೈವರ್ ಐದು ತಾಸು ಸತ್ತವನ ಹಾಗೆ ಮಲಗಿದ. ಬೆಳಿಗ್ಗೆ ಅತ್ತೆ ಎರಡು ಕೆಂಪು ಬಾಳೆಹಣ್ಣು ಆ ಹುಡುಗನ ಕೈಗಿಟ್ಟಳು. ಗಣಪತಿಯ ಪಾಲಿನವು :)

ಈಗ ಹೇಳಿ, ಬೀಚ್ ಪಕ್ಕ ರಾತ್ರಿ ಗಾಡಿ ನಿಲ್ಲಿಸೋ ಜಾಗ ಅನ್ನೋದು ಬಿಳಿ ಮೋಟರ್‌ಹೋಮಿನವರ ಮೋಜಿನ ಪ್ರಶ್ನೆಯೋ, ಇಪ್ಪತ್ತು ತಾಸು ನಿದ್ದೆಗೆಟ್ಟವನ ಕೈಯಲ್ಲಿ ಹನ್ನೊಂದು ಜೀವ ಇರೋ ಪ್ರಶ್ನೆಯೋ?

2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಪ್ರಕಾರ ದಿನಕ್ಕೆ ಎಂಟು ತಾಸು, ವಾರಕ್ಕೆ 48 ತಾಸು ಕೆಲಸ ಅಂತಿತ್ತು. ದೂರದ ಓಟಕ್ಕೆ ಒಂಚೂರು ರಿಯಾಯಿತಿ. ಆದರೆ ಅದು ಇದ್ದದ್ದೂ ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ಸಾಲ ಮಾಡಿ ಒಂದೇ ಗಾಡಿ ತಗೊಂಡು ತಾನೇ ಓಡಿಸೋ ನಮ್ಮ ಹುಡುಗನಿಗೆ ಯಾವ ಕಾಯ್ದೆ? ಅವನಿಗಿರೋದು ಒಂದೇ, ಗಾಡಿ ನಿಲ್ಲಿಸಿ ಕಣ್ಣು ಮುಚ್ಚೋಕೆ ಜಾಗ. ಲಾರಿ ಚಾಲಕರ ನಿದ್ದೆಯ ಬೆಲೆ ಸರ್ಕಾರಕ್ಕೆ ತಡವಾಗಿಯಾದರೂ ತಿಳಿದಿದೆ, ಹೆದ್ದಾರಿ ಬಂಕುಗಳಲ್ಲಿ 'ಅಪ್ನಾ ಘರ್' ಅಂತ ತಂಗುದಾಣ ಕಟ್ಟಿಸುತ್ತಿದೆ. ಪ್ರವಾಸದ ಗಾಡಿಯ ಡ್ರೈವರ್‌ಗೆ ಮಾತ್ರ ಸೀಟಿ.

2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ಲಾರಿ ಯಲ್ಲಾಪುರ ತಾಲ್ಲೂಕಿನಲ್ಲಿ ಕಂದಕಕ್ಕೆ ಬಿದ್ದು ಹತ್ತು ಜನ ಸತ್ತರು. ಅದಕ್ಕೆ ನಿದ್ದೆಯೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆ ಹೊತ್ತಿನಲ್ಲಿ ಆ ರಸ್ತೆ ಎಂಥದ್ದು ಅನ್ನೋದನ್ನ ಹೇಳುತ್ತಿದ್ದೇನೆ. ಬೀಚಿನಿಂದ ರಾತ್ರಿ ಓಡಿಸಿದ ಗಾಡಿಗಳು ಹತ್ತೋದು ಅದೇ ಘಟ್ಟವನ್ನ.

ಕರಾವಳಿಯ ಗೆಳೆಯರು ಈಗಾಗಲೇ ಹಲ್ಲು ಕಡೀತಿರಬೇಕು. "ನೀವು ಬಯಲುಸೀಮೆಯವರು ಬಂದು ಬೀಚಿನಲ್ಲಿ ಅನ್ನ ಬೇಯಿಸಿ ಪ್ಲೇಟು ಎಸೆದು ಹೋಗ್ತೀರಿ." ಹೌದು. ಸುಳ್ಳಲ್ಲ. 2022ರ ಅಕ್ಟೋಬರಿನಲ್ಲಿ ಗೋವಾ ಸರ್ಕಾರ ಬಯಲಲ್ಲಿ ಅಡುಗೆ ಮಾಡೋದನ್ನ ನಿಷೇಧಿಸಿ ಐದು ಸಾವಿರದಿಂದ ಐವತ್ತು ಸಾವಿರದವರೆಗೆ ದಂಡ ಇಟ್ಟಾಗ, ಅದು ಯಾರನ್ನ ನೋಡಿ ಮಾಡಿದ್ದು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮಗೆ ಇನ್ನೊಂದು ಕೆಟ್ಟ ರೂಢಿಯೂ ಇದೆ. ನಮ್ಮಲ್ಲಿ ಬಯಲು ಬೇಕಾದಷ್ಟು, ಬೇವಿನ ಮರ ಕಂಡಲ್ಲಿ ಗಾಡಿ ನಿಲ್ಲಿಸ್ತೀವಿ. ಅಲ್ಲಿ ಗುಡ್ಡಕ್ಕೂ ಸಮುದ್ರಕ್ಕೂ ನಡುವೆ ಇರೋದೇ ಒಂದು ಪಟ್ಟಿ ನೆಲ. ಅದರಲ್ಲೇ ತೆಂಗಿನ ತೋಟ, ಮನೆ, ರೈಲು, ಹೆದ್ದಾರಿ. ನಮಗೆ ಖಾಲಿ ಮರಳು ಅಂತ ಕಾಣೋದು ಮೀನುಗಾರರಿಗೆ ದೋಣಿ ಎಳೆಯೋ ದಾರಿ, ಬಲೆ ಒಣಗಿಸೋ ಅಂಗಳ. ಅಲ್ಲಿ ಕ್ರೂಸರ್ ನಿಲ್ಲಿಸಿದರೆ ಬೈಸಿಕೊಳ್ಳಲೇಬೇಕು.

ಸುರಕ್ಷತೆಯ ಮಾತೂ ಒಪ್ಪಿದೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯ ನಾಲ್ಕು ಮಂದಿ ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ರಾತ್ರಿ ನೀರಿನ ಹತ್ತಿರ ಯಾರನ್ನೂ ಬಿಡಬೇಡಿ, ಹಗ್ಗ ಕಟ್ಟಿ, ಗೇಟು ಹಾಕಿ. ಆದರೆ ಪಾರ್ಕಿಂಗ್ ಬಯಲಿನಲ್ಲಿ ಮಲಗಿದವರು ಸಮುದ್ರಕ್ಕೆ ಹಾರೋದಿಲ್ಲ ಸ್ವಾಮಿ, ಗೊರಕೆ ಹೊಡೀತಾರೆ.

ಅದಕ್ಕೇ ಆ "ಗುಟ್ಟಿನ ಜಾಗ"ಗಳ ಪಟ್ಟಿ ಕಂಡರೆ ನನಗೆ ಸಿಟ್ಟು. ಇವತ್ತು ಒಬ್ಬ ಒಂದು ಸುಂದರ ಮೂಲೆ ಹುಡುಕಿ ಫೋಟೋ ಹಾಕ್ತಾನೆ, ಮುಂದಿನ ತಿಂಗಳು ಅಲ್ಲಿ ಐವತ್ತು ಗಾಡಿ, ಶೌಚಾಲಯ ಇಲ್ಲ, ತೊಟ್ಟಿ ಇಲ್ಲ. ಊರವರು ರೋಸಿ ಬೇಲಿ ಹಾಕ್ತಾರೆ. ಹುಡುಕಿದವನು ಅಷ್ಟರಲ್ಲಿ ಇನ್ನೊಂದು ಮೂಲೆಗೆ ಹೋಗಿರ್ತಾನೆ. ಗೆಳೆಯರೇ, ನಮ್ಮಲ್ಲೂ ಕೆಲವರು ಇಂಥವು ಬರೆದಿದ್ದೀರಿ, ಬೇಜಾರಾದರೂ ಸರಿ, ಹೇಳಿಬಿಟ್ಟೆ. ಜಾಗ ಹುಡುಕೋದಲ್ಲ, ಕೇಳಿ ತಗೋಬೇಕು.

ಕೇಳೋದೇನೂ ದೊಡ್ಡದಲ್ಲ. ಹಗಲು ದುಡ್ಡು ವಸೂಲು ಮಾಡೋ ಪಾರ್ಕಿಂಗ್ ಬಯಲು ಹ್ಯಾಗೂ ಇದೆ. ರಾತ್ರಿ ಖಾಲಿ ಬಿದ್ದಿರುತ್ತೆ. ಕತ್ತಲಾದ ಮೇಲೆ ಬೆಳಗಿನ ಆರರವರೆಗೆ ಬಿಡಿ. ಒಂದು ದೀಪ, ಒಂದು ನಲ್ಲಿ, ಬೀಗ ಹಾಕದ ಶೌಚಾಲಯ. ಗಾಡಿ ನಂಬರ್, ಡ್ರೈವರ್ ಲೈಸೆನ್ಸ್ ಬರಕೊಳ್ಳಿ. ಒಲೆ ಹಚ್ಚಿದರೆ, ಕಸ ಎಸೆದರೆ ದಂಡ ಹಾಕಿ, ನಾನೇ ಬಂದು ಕೈ ತಟ್ತೀನಿ.

ಪುಕ್ಕಟೆ ಯಾಕೆ, ಐವತ್ತೋ ನೂರೋ ಕೊಡಬಾರದಾ ಅಂತ ಹೆಂಡತಿಯೇ ಕೇಳಿದಳು. ಶೌಚಾಲಯಕ್ಕೆ ಕೊಡೋಣ. ನಿಲ್ಲಿಸೋದಕ್ಕೆ ಬೇಡ. ಯಾಕಂದ್ರೆ ದುಡ್ಡು ಕೊಡೋನು ಒಬ್ಬ, ನಿದ್ದೆ ಬೇಕಾದವನು ಇನ್ನೊಬ್ಬ. ಮುನ್ನೂರು ರೂಪಾಯಿ ಅಂತ ಬೋರ್ಡು ಕಂಡಕೂಡಲೇ ಗಾಡಿ ಹಿಡಿದ ಯಜಮಾನ ಏನಂತಾನೆ? "ಯಾಕ ಸುಮ್ನ ಖರ್ಚು, ನಡಿ ರಾತ್ರಿನೇ ಘಟ್ಟ ಹತ್ತಿಬಿಡು." ಡ್ರೈವರ್ ಇಲ್ಲ ಅನ್ನೋಕಾಗುತ್ತಾ?

ಕೇರಳದವರು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮದ ನೀತಿಯನ್ನೇ ತಂದರು, ವಾಗಮನ್‌ನಲ್ಲಿ ಕ್ಯಾರವಾನ್ ಪಾರ್ಕೂ ಆಯ್ತು. ಒಳ್ಳೇದೇ, ಆದರೆ ಅದು ದುಡ್ಡಿದ್ದವರ ಗಾಡಿಗೆ. ಕ್ಯಾರವಾನ್ ಅನ್ನೋದು ಪಾರಸಿಯ ಕಾರವಾನ್, ಸರಾಯಿಯೂ ಅದೇ ಭಾಷೆಯದು. 1347ರಲ್ಲಿ ಬಹಮನಿಗಳ ರಾಜಧಾನಿಯಾದ ನಮ್ಮೂರಿಗೆ ಈ ಪದಗಳನ್ನ ಹೊಸದಾಗಿ ಕಲಿಸಬೇಕಿಲ್ಲ. ಇವತ್ತಿಗೂ ಬಂದೇನವಾಜರ ಉರುಸಿಗೆ, ಶರಣಬಸವೇಶ್ವರರ ಜಾತ್ರೆಗೆ ಬಂದ ಮಂದಿ ಗಾಡಿ ಪಕ್ಕದಲ್ಲೇ ಮಲಗ್ತಾರೆ. ಅಪ್ಪನ ಗುಡಿಯ ಸುತ್ತ ಅವರನ್ನ ಯಾರೂ ಸೀಟಿ ಊದಿ ಎಬ್ಬಿಸಿದ್ದನ್ನ ನಾನು ಕಂಡಿಲ್ಲ. ಧೂಳು, ಗಲೀಜು, ನಮಗೂ ತ್ರಾಸೇ. ಆದರೂ ದೂರದಿಂದ ಬಂದವರು, ಎಲ್ಲಿ ಹೋಗಬೇಕು?

ಅಲ್ಲಿಯವರೆಗೆ ನನಗೆ ಗೊತ್ತಿರೋ ದಾರಿ ಇಷ್ಟೇ. ಬೀಚ್ ಕತ್ತಲಾಗೋ ಮುಂಚೆ ಬಿಡಿ, 66ನೇ ಹೆದ್ದಾರಿಗೆ ಬನ್ನಿ, ದೊಡ್ಡ ಬಂಕಿನಲ್ಲಿ ಡೀಸೆಲ್ ಹಾಕಿಸಿ ಕೇಳಿ. ಬಿಡದಿದ್ದರೆ ಮುಂದಿನ ಬಂಕು. ಹತ್ತು ಗಂಟೆಯೊಳಗೆ ಕೇಳಿ, ಹನ್ನೆರಡಕ್ಕೆ ಹೋಗಿ ಎಬ್ಬಿಸಬೇಡಿ. ಸಮುದ್ರದ ಸದ್ದು ಕೇಳಲ್ಲ, ಲಾರಿಗಳ ಸದ್ದು ಕೇಳುತ್ತೆ.

ಅತ್ತೆ ಇನ್ನೊಮ್ಮೆ ಸಮುದ್ರಕ್ಕೆ ಹೋಗೋಣ ಅಂತಿದ್ದಾಳೆ. ಮೊದಲು ಬರಲ್ಲ ಅಂದವಳು ಈಗ ತಂಗಿಯನ್ನೂ ಹೊರಡಿಸಿದ್ದಾಳೆ. ಹೋದ ವಾರ ಕಮಲಾಪುರಕ್ಕೆ ಹೋಗಿ ಅದೇ ಹುಡುಗನ್ನ ಕೇಳಿದೆ. ಅವನು ಬಾಡಿಗೆ ಮಾತೇ ಎತ್ತಲಿಲ್ಲ.

"ರಾತ್ರಿ ಗಾಡಿ ಎಲ್ಲಿ ನಿಂದ್ರಸೋದು ಅಂತ ಮೊದಲ ಹೇಳ್ರಿ. ಆಮ್ಯಾಲ ಡೀಸೆಲ್ ಹಾಕಸ್ತೀನಿ" ಅಂದ.